ಮಗ್ಗದ ಮೇಲಿನ ಸೀರೆ ಯಾರದು?

ಗಜೇಂದ್ರಗಡ
ಸೋಮವಾರ, ಮುಂಜಾನೆ

ನನ್ನ ಸಿಟ್ಟಿನ ಮಗಳು ಶೈಲಶ್ರೀಗೆ ನಿನ್ನವ್ವ ಸುಶೀಲವ್ವ ಮಾಡುವ ಆಶೀರ್ವಾದ.

ಎಂಟು ದಿನದಿಂದ ನೀನು ಫೋನು ಎತ್ತುತ್ತಿಲ್ಲ. ಎತ್ತಬೇಡ ಬಿಡು, ಕಾಗದವನ್ನು ಹೇಗೆ ಕಟ್ ಮಾಡುತ್ತೀ ನೋಡೋಣ! ನಮ್ಮ ಜೊತೆ ಕಾರ್ಖಾನೆಯಲ್ಲಿದ್ದ ಫರ್ಜಾನಾ ನಾಳೆ ನಿಮ್ಮೂರು ನರಗುಂದಕ್ಕೇ ತನ್ನ ಅಕ್ಕನ ಮನೆಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವ ತನಕ ಎದುರಿಗೇ ಕೂತಿರು ಎಂದೂ ಹೇಳಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಏಳನೇ ತಿಂಗಳು ನಡೆದಿದೆ. ನನ್ನ ಮೇಲಿನ ಸಿಟ್ಟನ್ನು ಕೂಸಿಗೆ ಉಣಿಸಬೇಡ ತಾಯಿ.

ನೀನು ಸಿಟ್ಟಾಗಿದ್ದು ಸರಿಯೇ. ಹೊರದೇಶದ ಬಟ್ಟೆ ಅಂಗಡಿ ತುಂಬ ಬಂದು, ನಮ್ಮ ಸೀರೆ ಕೇಳುವವರಿಲ್ಲದೆ ಮಹಾಲಿಂಗಪ್ಪನವರ ನೇಯ್ಗೆ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ನಾನು ಮೂರು ದಿನ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಬಂದೆ. ಹತ್ತೊಂಬತ್ತು ವರ್ಷ ದುಡಿದ ಜಾಗ ಅದು. ಹೀಗೆ ಕೆಲಸ ಹೋದವರಿಗೆ ಸರಕಾರದ ನೆರವು ಇದೆ, ಒಂದು ವರ್ಷ ತಿಂಗಳಿಗಿಷ್ಟು ಎಂದು ಕೊಟ್ಟು ಹೊಲಿಗೆಯನ್ನೂ ಕಲಿಸುತ್ತಾರೆ ಎಂದು ಹುಡುಕಿ ಹೇಳಿದವಳು ನೀನು. ಅರ್ಜಿ ತುಂಬಿದವಳೂ ನೀನೇ. ‘ಕೈಯಲ್ಲಿ ಬೇರೆ ಕೆಲಸವಿಲ್ಲ’ ಎಂಬ ಕಡೆ ನನ್ನಿಂದ ಸಹಿ ಮಾಡಿಸಿದೆ. ಕಡೆಗೆ ಪಟ್ಟಿಯಲ್ಲಿ ಫರ್ಜಾನಾಳ ಹೆಸರು ಬಂತು, ನನ್ನದು ಬರಲಿಲ್ಲ.

ತಪ್ಪು ನನ್ನದೇ. ಮನೆ ನೋಡಲು ನೆರವಿನ ಕಚೇರಿಯ ಸಾಹೇಬರು ಬಂದ ದಿನ ನಾನು ನಿನ್ನಜ್ಜಿಯ ಹಳೇ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದೆ. ಕಾರ್ಖಾನೆ ಮುಚ್ಚುವಾಗ ಮಹಾಲಿಂಗಪ್ಪನವರು ಉಳಿದ ನೂಲನ್ನು ಎಲ್ಲರಿಗೂ ಹಂಚಿದ್ದರಲ್ಲ, ಅದೇ ನೂಲು. ಲಾಳಿಯ ಸಪ್ಪಳ ಓಣಿಯ ತುದಿಗೇ ಕೇಳಿಸಿರಬೇಕು. ಸಾಹೇಬರು ಒಳಗೆ ಬಂದವರೇ, ‘ಮಗ್ಗ ನಡದೈತಲ್ಲವಾ! ಇದು ಯಾರ ಸೀರಿ?’ ಎಂದರು. ಭಾಳ ಒಳ್ಳೆಯ ಮನುಷ್ಯ, ಕೊಟ್ಟ ಚಹಾ ಕುಡಿದರು. ತಾವಾಗಿಯೇ ದಾರಿಯನ್ನೂ ತೋರಿಸಿದರು: ‘ಮನಿ ಮಂದಿ ಸಲುವಾಗಿ ನೇಯಾಕತ್ತೀರೇನು? ಹಂಗಿದ್ರ ಹೇಳ್ರಿ, ಅದು ಕೆಲಸದಾಗ ಬರಂಗಿಲ್ಲ.’ ನನಗೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ‘ಇಲ್ರಿ, ಗಿರಾಕೀದು’ ಎಂದುಬಿಟ್ಟೆ. ಅವರು ನಿಟ್ಟುಸಿರು ಬಿಟ್ಟು, ಕೆಲಸ ಇದೆ ಎಂದು ಬರೆದುಕೊಂಡು ಹೋದರು.

ಯಾಕೆ ಹಾಗಂದೆ ಎಂದು ಈಗ ಕೇಳಬೇಡ. ಗಿರಾಕಿ ಯಾರು ಎಂದೂ ಕೇಳಬೇಡ. ನಿಮ್ಮಪ್ಪನಂತೂ, ‘ಸರಕಾರನ ನಡಕೋತ ಮನಿಗೆ ಬಂದ್ರ ನಿಮ್ಮ ಸುಶೀಲವ್ವ ಚಾ ಕುಡಿಸಿ ಹೊಳ್ಳಿ ಕಳಿಸ್ಯಾಳ’ ಎಂದು ಓಣಿ ತುಂಬ ಸಾರಿಕೊಂಡು ಬಂದಿದ್ದಾರೆ.

ನೆರವು ಬೇಡ ಎನ್ನುವ ಸೊಕ್ಕು ನನಗಿಲ್ಲ ಶೈಲಾ. ಅದು ಸಿಗದಿದ್ದರೆ ನಾನು ಕಂಡವರ ಹೊಲದಲ್ಲಿ ಕಳೆ ತೆಗೆಯಲು ಹೋಗಬೇಕು. ಆಗ ನಿನ್ನ ಬಾಣಂತನ ಮಾಡುವವರು ಯಾರು, ಕೂಸಿಗೆ ನೀರು ಎರೆಯುವವರು ಯಾರು? ಮುಂಜಾನೆ ಎದ್ದರೆ ಇದೇ ಚಿಂತೆ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು ತಕರಾರು ಅರ್ಜಿಯನ್ನು ಗುರುವಾರದೊಳಗೆ ಕೊಡಬೇಕಂತೆ. ಅಂಥ ಒಳ್ಳೆಯ ಸಾಹೇಬರ ಮುಂದೆ ನಿಂತು, ನಾನು ಸುಳ್ಳು ಹೇಳಿದೆ ಎಂದು ಹೇಗೆ ಹೇಳಲಿ?

ಶುಕ್ರವಾರ ನಿನ್ನ ಸೀಮಂತದ ಕುಬಸಕ್ಕೆ ನಾವಿಬ್ಬರೂ ಬರುತ್ತೇವೆ. ‘ಯವ್ವಾ, ಕುಬಸಕ್ಕ ತವರಿನ ಹಸರ ಸೀರೀನ ಬೇಕು ಅಂತ ತಲಿ ಕೆಡಿಸಿಕೋಬ್ಯಾಡ, ಅಂಗಡ್ಯಾಗ ಸಿಗೋ ಪ್ರಿಂಟ್ ಸೀರೀನ ಸಾಕು’ ಎಂದಿದ್ದೆಯಲ್ಲ. ಆಗಲಿ ಮಹಾರಾಣಿ, ನೀನು ಹೇಳಿದ ಹಾಗೆಯೇ. ನಮ್ಮ ಕಾರ್ಖಾನೆಯನ್ನು ನುಂಗಿದ್ದು ಅದೇ ಸೀರೆ ಎಂದು ನಾನೇನೂ ಅಂದಿಲ್ಲ.

ಅಳಿಯ ಶರಣು ಅವರಿಗೆ ಕೇಳಿದ್ದೇನೆಂದು ಹೇಳು. ಸಿಟ್ಟು ಇಳಿದರೆ ಫೋನು ಮಾಡು, ಇಳಿಯದಿದ್ದರೂ ಮಾಡಿ ಬೈ. ನಿನ್ನ ದನಿ ಕೇಳದೆ ಮನೆಯಲ್ಲಿ ಹೊತ್ತೇ ಹೋಗುತ್ತಿಲ್ಲ.

ನಿನ್ನ ದಾರಿ ಕಾಯುವ ಅವ್ವ,
ಸುಶೀಲವ್ವ

ತಾ.ಕ.: ಸಂಜೆ ಐದು ಗಂಟೆ. ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಸೀರೆಯನ್ನು ಈಗಷ್ಟೇ ಕತ್ತರಿಸಿ ಇಳಿಸಿದೆ, ಇನ್ನು ಬಾಯಿ ಬಿಡಬಹುದು. ಇದರೊಳಗೆ ಇಟ್ಟಿರುವ ನೂಲಿನ ತುಣುಕು ನೋಡು, ಹಸಿರು. ಕುಬಸದ ಸೀರೆ ಮಗ್ಗದಿಂದ ಇಳಿಯುವ ತನಕ ಯಾರಿಗೆಂದು ಹೇಳಬಾರದು, ಉಡುವವಳಿಗೆ ದೃಷ್ಟಿ ತಾಗುತ್ತದೆ ಎಂದು ನಿನ್ನಜ್ಜಿ ನನ್ನಿಂದ ಮಾತು ತೆಗೆದುಕೊಂಡಿದ್ದಳು. ನೀನು ನಗುತ್ತೀ, ಗೊತ್ತು. ಆದರೆ ಸಾಹೇಬರು ಕೇಳಿದಾಗ, ಹೋದ ವರ್ಷ ನಿನ್ನ ಹೊಟ್ಟೆಯಲ್ಲಿ ನಿಲ್ಲದೇ ಹೋದ ಕೂಸು ನೆನಪಾಯಿತು. ನೆರವು ಹೋದರೆ ಹೋಗಲಿ ಅನಿಸಿತು. ತಕರಾರು ಅರ್ಜಿ ಬರೆದು ಫರ್ಜಾನಾಳ ಕೈಯಲ್ಲೇ ಕಳಿಸು, ಬುಧವಾರ ಹೊಳ್ಳಿ ಬರುತ್ತಾಳೆ. ಗುರುವಾರ ನಾನೇ ಕಚೇರಿಗೆ ಹೋಗಿ, ಗಿರಾಕಿ ನನ್ನ ಮಗಳ್ರಿ ಎಂದು ಹೇಳುತ್ತೇನೆ. ಬೇಕಾದರೆ ಸಾಹೇಬರು ಇನ್ನೊಮ್ಮೆ ಬಂದು ನೋಡಲಿ. ನೂಲು ಮುಗಿದಿದೆ, ಮಗ್ಗ ಈಗ ಖರೇನೇ ಬರಿದಾಗಿದೆ.