ಅಮ್ಮ ಪೂಜೆಗೆ ಕೂತಿದ್ದಾಳೆ

ಮಧುಗಿರಿ, ಆಸ್ಪತ್ರೆಯ ಜಗುಲಿ
26ನೇ ನವೆಂಬರ್ 1936

ಪ್ರೀತಿಯ ತಂಗಿ ಬಸವಮ್ಮನಿಗೆ ನಿನ್ನ ಅಣ್ಣ ರೇಣುಕಯ್ಯನ ಆಶೀರ್ವಾದಗಳು.

ನೀನೂ ಭಾವನವರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮಂಡಿನೋವು ಈಗ ಹೇಗಿದೆ? ಕಳ್ಳಂಬೆಳ್ಳದ ಕೆರೆ ಈ ಸಲ ತುಂಬಿದೆಯೆಂದು ಸಂತೆಯಲ್ಲಿ ಕೇಳಿದೆ. ನಿಮ್ಮ ಗದ್ದೆಗೆ ನೀರು ಬಂತೋ, ಇಲ್ಲ ಭಾವನವರು ನೀರುಗಂಟಿಯ ಜೊತೆ ಎಂದಿನಂತೆ ಜಗಳ ಕಾಯುತ್ತಿದ್ದಾರೋ? ಮೇಲೆ ಆಸ್ಪತ್ರೆ ಎಂದು ಬರೆದಿರುವುದನ್ನು ನೋಡಿ ಗಾಬರಿಯಾಗಬೇಡ. ಅಮ್ಮ ಬದುಕಿದ್ದಾಳೆ. ಇದನ್ನೇ ಮೊದಲು ಬರೆಯಬೇಕಿತ್ತು. ಆದರೆ ನಿನಗೆ ಹೇಗೆ ಮುಖ ತೋರಿಸಲಿ ಎಂದು ಕೆರೆ, ಗದ್ದೆ ಎಲ್ಲ ಸುತ್ತಿಕೊಂಡು ಬಂದೆ.

ಗೌರಿ ಹಬ್ಬಕ್ಕೆ ಬಂದಾಗ ನೀನು ಹೇಳಿದ್ದೆ, "ಅಣ್ಣಾ, ಅಮ್ಮ ಮಲಗಿದ್ರೆ ಉಸ್ರು ಕಟ್ತದಂತೆ, ಗೋಡೆಗೆ ಒರಗ್ಕೊಂಡೇ ನಿದ್ದೆ ಮಾಡ್ತಾಳೆ. ಕಾಲು ಬೇರೆ ಊದ್ಕೊಂಡವೆ. ಒಸಿ ಡಾಕ್ಟ್ರಿಗೆ ತೋರ್ಸು" ಅಂತ. ನಾನು ನಕ್ಕು, ಎಲ್ಲರಿಗೂ ನಿನ್ನ ಹಾಗೆ ಗೊರಕೆ ಹೊಡೆಯಲು ಬರುತ್ತದೆಯೇ ಎಂದು ರೇಗಿಸಿದೆ. ನೀನು ಮುನಿಸಿಕೊಂಡು ಗಾಡಿ ಹತ್ತಿದೆ. ನಾನು ಅಂಗಡಿಯ ಗಡಿಬಿಡಿಯಲ್ಲಿ ಆ ಮಾತನ್ನೇ ಮರೆತೆ.

ನಮ್ಮ ಮನೆಯ ಶಿಸ್ತು ನಿನಗೆ ಗೊತ್ತಲ್ಲ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತವರನ್ನು ಯಾರೂ ಮಾತಾಡಿಸಕೂಡದು, ಬಾಗಿಲಲ್ಲಿ ಸುಳಿಯಕೂಡದು. ಅಪ್ಪ ತಂದ ಕಟ್ಟಳೆ ಅದು. ಅಪ್ಪನಿಗಿಂತ ನಾನೇ ಅದನ್ನು ಬಿಗಿ ಮಾಡಿದೆ, ಊರಿನವರ ಮುಂದೆ ಜಂಬವನ್ನೂ ಕೊಚ್ಚಿಕೊಂಡೆ. ಮೊನ್ನೆ ಕಾರ್ತಿಕ ಸೋಮವಾರ ಅಮ್ಮ ಸ್ನಾನ ಮಾಡಿ ವಿಭೂತಿ ಧರಿಸಿ ಪೂಜೆಯ ಕೋಣೆಗೆ ಹೋದಳು. ಕಾರ್ತಿಕ ಸೋಮವಾರ ಅವಳ ಪೂಜೆ ಬೇಗ ಮುಗಿಯುವುದಿಲ್ಲ. ನಿನ್ನ ಅತ್ತಿಗೆ ಕಮಲಾಕ್ಷಮ್ಮ ಹಿಂದಿನಿಂದ ಇಣುಕಿ ನೋಡಿ ಬಂದವಳು, "ಅತ್ತೆ ಭುಜ ಮ್ಯಾಕೂ ಕೆಳಕೂ ಆಡ್ತಾ ಅವೆ, ಉಸ್ರು ಸದ್ದು ಮಾಡ್ತಾ ಅದೆ. ಒಂದ್ಸಲ ಮಾತಾಡಿಸ್ಲಾ?" ಎಂದಳು. ಅದು ಉಸಿರಲ್ಲ, ಜಪ ಎಂದೆ. ಅವಳು ಮತ್ತೆ ಬಂದು ಕೇಳಿದಾಗ ಸಿಟ್ಟು ನೆತ್ತಿಗೇರಿತು. ನಾನೇ ಎದ್ದು ಹೋಗಿ ಬಾಗಿಲನ್ನು ಎಳೆದು ಮುಚ್ಚಿ, "ಅಮ್ಮ ಪೂಜೆಗೆ ಕೂತವ್ಳೆ, ಯಾರಾದ್ರೂ ಕೂಗಿದ್ರೆ ನೋಡಿ" ಎಂದು ಗದರಿ, ಬಂದು ರೊಟ್ಟಿ ತಿಂದೆ. ಹೌದು ಬಸವೂ, ರೊಟ್ಟಿ ತಿಂದೆ.

ಕಮಲಾಕ್ಷಿ ನನ್ನ ಮಾತು ಕೇಳಲಿಲ್ಲ. ಮದುವೆಯಾದಂದಿನಿಂದ ಮೊದಲ ಬಾರಿ ನನ್ನನ್ನು ತಳ್ಳಿಕೊಂಡು ಹೋಗಿ ಬಾಗಿಲು ತೆಗೆದಳು. ಅಮ್ಮನ ಅಂಗೈಯಲ್ಲಿ ಲಿಂಗವೇ ಇರಲಿಲ್ಲ. ಲಿಂಗದ ಕರಡಿಗೆಯನ್ನು ಬಿಚ್ಚುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ, ಅದು ಕೊರಳಲ್ಲೇ ಇತ್ತು. ಎರಡೂ ಕೈಗಳನ್ನು ನೆಲಕ್ಕೆ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ಒಂದೊಂದು ಉಸಿರಿಗೂ ಕತ್ತಿನ ನರ ಎದ್ದು ಬರುತ್ತಿತ್ತು. ಮೈಯೆಲ್ಲ ತಣ್ಣನೆಯ ಬೆವರು, ತುಟಿ ನೇರಳೆ ಹಣ್ಣು ತಿಂದವರ ಹಾಗೆ. ಏನಾಯಿತಮ್ಮಾ ಎಂದರೆ "ರೇ..." ಎಂದಳು, ಹೆಸರು ಪೂರ್ತಿ ಆಗಲಿಲ್ಲ.

ಆಗಲೂ ನನಗೆ ಬುದ್ಧಿ ಓಡಲಿಲ್ಲ. ಮಲಗಿಸಲು ಹೋದೆ; ಅಮ್ಮ ನನ್ನ ಕೈಯನ್ನು ತಳ್ಳಿದಳು. ಶುಂಠಿ ಕಷಾಯ ಕಾಯಿಸು ಎಂದೆ, ಮಠದ ಅಯ್ಯನವರನ್ನು ಕರೆಸಿ ವಿಭೂತಿ ಹಚ್ಚಿಸೋಣ ಎಂದೆ. ಕಮಲಾಕ್ಷಿ, "ಉಸ್ರಿಗೇ ದಾರಿ ಇಲ್ಲ, ಕಷಾಯ ಎಲ್ ಇಳೀತದೆ? ಅಯ್ಯನೋರು ಆಮ್ಯಾಕೆ ಬರ್ಲಿ, ಮೊದ್ಲು ಮೋಟ್ರು ನಿಲ್ಸೋಗಿ!" ಎಂದು ಕಿರುಚಿದಳು. ಪಾವಗಡದಿಂದ ಮಧುಗಿರಿಗೆ ಹೋಗುವ ಮೋಟಾರು ನಮ್ಮ ಮಿಡಿಗೇಶಿಯಿಂದ ಇನ್ನೇನು ಹೊರಡುವುದರಲ್ಲಿತ್ತು. ಓಡಿ ಹೋಗಿ ಅಡ್ಡ ನಿಂತೆ. ಅಮ್ಮನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಬಂದೆವು. ಮುಂದಿನ ಸೀಟಿನಲ್ಲಿದ್ದ ಪಾವಗಡದ ಮುದುಕಿಯೊಬ್ಬಳು "ರಾ ತಲ್ಲೀ, ರಾ" ಎಂದು ತಾನೇ ಎದ್ದು ಜಾಗ ಕೊಟ್ಟಳು. ಮಧುಗಿರಿ ಬರುವವರೆಗೂ ಕಮಲಾಕ್ಷಿ ಅಮ್ಮನನ್ನು ನೆಟ್ಟಗೆ ಕೂರಿಸಿ ಬೆನ್ನಿಗೆ ಎದೆ ಕೊಟ್ಟು ಹಿಡಿದಿದ್ದಳು. ನಾನು ಬರೀ ಶಿವ ಶಿವ ಅನ್ನುತ್ತಿದ್ದೆ.

ಡಾಕ್ಟರ್ ಜಯರಾಮಯ್ಯನವರು ಹೆಸರು, ಊರು ಏನನ್ನೂ ಕೇಳದೆ ಇಂಜೆಕ್ಷನ್ ಕೊಟ್ಟರು. ಗುಂಡಿಗೆಯ ಬಲ ಕುಂದಿ ಪುಪ್ಪುಸದಲ್ಲಿ ನೀರು ತುಂಬಿತ್ತಂತೆ. ಮಲಗಿಸಿದ್ದರೆ ಅಲ್ಲೇ ಮುಗಿಯುತ್ತಿತ್ತಂತೆ. ಸಂಜೆಗೆ ಅಮ್ಮ ಒಂದು ಮಾತನ್ನು ಪೂರ್ತಿ ಆಡಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಎರಡು ಮಾತಾಡೋಕೂ ಉಸಿರು ಸಾಲದೆ, ತುಟಿ ಕಪ್ಪಾದ್ರೆ, ಮನೇಲಿ ಒಂದು ಗಳಿಗೇನೂ ಕಾಯಬೇಡಿ, ಕೂರಿಸ್ಕೊಂಡೇ ಕರ್ಕೊಂಡು ಬನ್ನಿ. ಈವತ್ತು ಯಾಕೆ ತಡ ಆಯ್ತು?" ಎಂದರು. ಪೂಜೆಯ ಕಟ್ಟಳೆಯನ್ನು ಮುಚ್ಚಿಟ್ಟೆ. ಮೋಟಾರು ಸಿಕ್ಕಲಿಲ್ಲ ಎಂದು ಸುಳ್ಳು ಹೇಳಿದೆ. ಬಯ್ಯುವುದಿದ್ದರೆ ಬಯ್ದುಬಿಡು ತಂಗಿ, ಮನಸ್ಸಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡ.

ಭಾವನವರಿಗೆ ನನ್ನ ಶರಣು, ನಿನ್ನ ಅತ್ತೆಯವರಿಗೆ ನಮಸ್ಕಾರ. ಶಿವನು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ರೇಣುಕಯ್ಯ

ತಾ.ಕ. ಟಪಾಲಿನವನು ಕಾಯುತ್ತಿದ್ದಾನೆ, ಚುಟುಕಾಗಿ ಬರೆಯುತ್ತೇನೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಮ್ಮ ಮಿಡಿಗೇಶಿಗೆ ಬರುವುದಿಲ್ಲವಂತೆ, ನಿನ್ನ ಮನೆಗೇ ಹೋಗುತ್ತಾಳಂತೆ. ನನಗೆ ಹೇಳಲಿಲ್ಲ, ಕಮಲಾಕ್ಷಿಗೆ ಹೇಳಿದಳು. ನಾನು ಬಾಗಿಲ ಹೊರಗಿದ್ದೆ. "ಅವ್ನು ಬಾಗ್ಲು ಎಳ್ಕೊಂಡಾಗ ಕೂಗ್ದೆ ಕಣವ್ವ, ದನಿ ಬರ್ಲಿಲ್ಲ. ನೀನು ನೀರಿಗೆ ಹೋಗಿದ್ರೆ ನಂಗೆ ಯಾರ್ ಬರ್ತಿದ್ರು? ಆ ಮನೇಲಿ ಪೂಜೆಗೆ ಕೂರೋಕೆ ಭಯ" ಎಂದಳು. ಭಾವನವರನ್ನು ಗಾಡಿ ಸಮೇತ ಕಳಿಸು. ನಾನು ತಡೆಯುವುದಿಲ್ಲ.