ತಂತಿ ಕಟ್ಟಿದ ವಾಲ್ವ್

ಮಾರ್ಚ್ ೪, ಸೋಮವಾರ

ಮೇಂಟೆನೆನ್ಸಿನ ಬೆಳಗಿನ ಸುತ್ತು ಮುಗಿಯಿತು. ಟ್ಯಾಂಕುಗಳೆಲ್ಲ ನೆಟ್ಟಗಿವೆ. ನೆಟ್ಟಗಿಲ್ಲದ್ದು ಮನುಷ್ಯರು ಮಾತ್ರ.

ಪೆಟ್ರೋಲ್ ಡಿಪೋ ಗೇಟಿಗೆ ಹೊಸ ಬ್ಯಾನರು. ‘ಸುರಕ್ಷತೆ ನಮ್ಮ ಉಸಿರು’. ಅಕ್ಷರ ಸಣ್ಣದು, ಕಿತ್ಸಾವೊನ ಫೋಟೋ ದೊಡ್ಡದು. ಹೆಲ್ಮೆಟ್ಟು, ಬಿಳಿ ಗ್ಲೌಸು, ಹೆಬ್ಬೆರಳು ಮೇಲಕ್ಕೆ. ಇವನು ನಮ್ಮ ಸೇಫ್ಟಿ ಆಫೀಸರ್! ಆ ಗ್ಲೌಸಿಗೆ ಇದುವರೆಗೆ ಗ್ರೀಸು ಮೆತ್ತಿದ್ದನ್ನು ಕಂಡವರಿಲ್ಲ.

ಗೇಟಿನಲ್ಲಿ ಚಹಾ ಮಾರುವ ಜುಹುರಾ ಕೇಳಿದಳು — “ಏನ್ ವಕೇಶೋ ಅಕ್ಕಾ, ಈಯಪ್ಪ ಎಲೆಕ್ಷನ್ನಿಗೆ ನಿಂತವ್ನಾ?” ನಕ್ಕು ನಕ್ಕು ಬಾಯಲ್ಲಿದ್ದ ಮಹಮ್ರಿ ಬನ್ನಿನ ತುಂಡು ಗಂಟಲಲ್ಲಿ ಸಿಕ್ಕಿಕೊಂಡಿತು.

ಇಲ್ಲಿ ನನಗೆ ಗೌರವವಿರುವುದು ಟ್ಯಾಂಕುಗಳ ಬುಡದ ಎಮರ್ಜೆನ್ಸಿ ವಾಲ್ವುಗಳ ಮೇಲೆ ಮಾತ್ರ. ಬಿಗಿದ ಸ್ಪ್ರಿಂಗು. ಅದನ್ನು ತಡೆದು ಹಿಡಿದಿರುವುದು ಬೇಗ ಕರಗುವ ಲೋಹದ ಒಂದು ಪುಟ್ಟ ಕೆಂಪು ಕೊಂಡಿ. ಬೆಂಕಿ ಹತ್ತಿರ ಬಂದರೆ ಕೊಂಡಿ ಕರಗುತ್ತದೆ, ಸ್ಪ್ರಿಂಗು ಬಡಿಯುತ್ತದೆ, ಪೆಟ್ರೋಲು ನಿಲ್ಲುತ್ತದೆ. ಕರೆಂಟು ಬೇಡ, ಫೋನು ಬೇಡ. ಮ್ಯಾನೇಜರಂತೂ ಬೇಡವೇ ಬೇಡ.

ಮಾರ್ಚ್ ೭, ಗುರುವಾರ

ಮೂರನೇ ಟ್ಯಾಂಕಿನ ಕೊಂಡಿ ಮುರಿಯಿತು. ಬೆಂಕಿಯಿಂದಲ್ಲ — ಮೊಂಬಾಸಾದ ಉಪ್ಪುಗಾಳಿ ತಿಂದುಹಾಕಿತ್ತು. ಠಣ್ಣನೆ ವಾಲ್ವ್ ಮುಚ್ಚಿತು. ಲೋಡಿಂಗ್ ಬಂದ್. ಹೊರಗೆ ಟ್ಯಾಂಕರ್ ಲಾರಿಗಳ ಸಾಲು, ಹಾರ್ನು, ಬೈಗುಳ.

ಮ್ಯಾನೇಜರ್ ಗಾಥೋಗೊ ಏಸಿ ರೂಮಿನಿಂದ ಇಳಿದು ಬಂದರು. ಮಹಾಕೃಪೆ.

“ಸ್ಪೇರ್ ಇಲ್ವಾ?”

ಕಳೆದ ವರ್ಷದಿಂದ ಕೇಳುತ್ತಲೇ ಇದ್ದೇನೆ. ಈ ಮಹಾಶಯ ತರಿಸಿದ್ದು ತಮ್ಮ ರೂಮಿಗೊಂದು ಸೋಫಾ.

“ಸರಿ, ವಾಲ್ವ್ ತೆರೆದಿಟ್ಟು ಬೈಂಡಿಂಗ್ ವೈರ್ ಹಾಕಿ ಕಟ್ಬಿಡಿ.”

“ಸರ್, ಆ ತಂತಿ ಅಷ್ಟು ಸುಲಭಕ್ಕೆ ಕರಗಲ್ಲ. ನಾಳೆ ಬೆಂಕಿ ಬಿದ್ರೆ ಇದು ಮುಚ್ಚೋದೇ ಇಲ್ಲ.”

“ಬೆಂಕಿ ಯಾಕ್ ಬೀಳುತ್ತೆ? ನಿಮ್ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ ಮೇಡಂ?”

ಪಕ್ಕದಲ್ಲೇ ನಿಂತಿದ್ದ ಕಿತ್ಸಾವೊನ ಮುಖ ನೋಡಿದೆ. ಬೇಡ ಎನ್ನುವ ಅಧಿಕಾರ ಈ ಡಿಪೋದಲ್ಲಿ ಅವನಿಗಿದೆ. ಅದಕ್ಕೇ ಅವನನ್ನು ಇಟ್ಟುಕೊಂಡಿರುವುದು. ಪುಣ್ಯಾತ್ಮ ಮಂಡಿಯೂರಿ ತಾನೇ ತಂತಿ ಸುತ್ತಿದ.

“ಎರಡೇ ದಿನ ಮೇಡಂ. ಸ್ಪೇರ್ ಬಂದ್ ತಕ್ಷಣ ಬಿಚ್ಚಿಬಿಡ್ತೀನಿ.”

ಏಪ್ರಿಲ್ ೨, ಮಂಗಳವಾರ

ತಂತಿ ಹಾಗೇ ಇದೆ. ಅಷ್ಟೇ ಅಲ್ಲ — ಇವತ್ತು ಅದಕ್ಕೆ ಕೆಂಪು ಬಣ್ಣ! ನಾಳೆ ಹೆಡ್ ಆಫೀಸಿನವರು ತಪಾಸಣೆಗೆ ಬರುತ್ತಾರೆ. ದೂರದಿಂದ ಅಸಲಿ ಕೊಂಡಿಯಂತೆ ಕಾಣಲಿ ಎಂದು. ಬಳಿಯುತ್ತಿದ್ದವನು ಕಿತ್ಸಾವೊ.

“ಏನ್ ಓದಿದೀರಿ ನೀವು?” ಎಂದೆ.

“ಫೈರ್ ಸೇಫ್ಟಿ ಡಿಪ್ಲೊಮಾ. ಯಾಕ್ ಮೇಡಂ?”

“ಏನಿಲ್ಲ. ಪೇಂಟಿಂಗ್ ಇರಬೇಕು ಅನ್ಕೊಂಡಿದ್ದೆ.”

ಬ್ರಷ್ಷು ನಿಂತಿತು. “ಬಾಸ್ ಎದುರಿಗೆ ನನಗೆ ನಾಲಿಗೆ ಏಳಲ್ಲ ಮೇಡಂ. ನಿಮ್ಗದು ಅರ್ಥ ಆಗಲ್ಲ.”

“ಆಗುತ್ತೆ. ಎರೆಹುಳಕ್ಕೂ ಬೆನ್ನುಮೂಳೆ ಇರಲ್ಲ.”

ತಲೆ ತಗ್ಗಿಸಿ ಮತ್ತೆ ಬಳಿದ. ಥೂ.

ಏಪ್ರಿಲ್ ೩

ಹೆಡ್ ಆಫೀಸಿನ ಮನುಷ್ಯನನ್ನು ನಿಲ್ಲಿಸಿ, ವಾಲ್ವಿನ ಹತ್ತಿರ ಕರೆದೊಯ್ದು ತೋರಿಸಿದೆ. “ಗಾಥೋಗೊ ನೋಡ್ಕೋತಾರೆ ಬಿಡಿ” ಎಂದ. ಆಮೇಲೆ ಇಬ್ಬರೂ ಕಡ್ಡಿಗೆ ಚುಚ್ಚಿ ಸುಟ್ಟ ಮಿಶ್ಕಾಕಿ ತಿನ್ನುತ್ತ ಕೂತರು. ಮಾಂಸದ ಕಡ್ಡಿಯನ್ನು ಮಾತ್ರ ಬಹಳ ಮುತುವರ್ಜಿಯಿಂದ ಪರೀಕ್ಷಿಸಿದರು.

ಏಪ್ರಿಲ್ ೧೯, ಶುಕ್ರವಾರ

ಮೈಗೆ ಹತ್ತಿದ ಮಸಿ ಇನ್ನೂ ತೊಳೆದಿಲ್ಲ. ಆದರೂ ಬರೆದುಬಿಡಬೇಕು.

ಹಾಡಹಗಲು. ಮೂರನೇ ಟ್ಯಾಂಕಿನ ಪಂಪಿನ ಸೀಲು ಹರಿದು ಪೆಟ್ರೋಲು ಚಿಮ್ಮಿತು, ಹೊತ್ತಿಕೊಂಡಿತು. ಪಂಪು ನಿಲ್ಲಿಸಿದೆ. ಉರಿ ತಗ್ಗಲಿಲ್ಲ — ಹೇಗೆ ತಗ್ಗೀತು? ತುಂಬಿದ ಟ್ಯಾಂಕು ತನ್ನ ಭಾರಕ್ಕೇ ಪೆಟ್ರೋಲನ್ನು ಕೆಳಗೆ ತಳ್ಳುತ್ತಿತ್ತು. ಕೈಯಲ್ಲಿ ತಿರುಗಿಸುವ ವಾಲ್ವ್ ಉರಿಯ ನಡುವೆ. ತಾನಾಗಿ ಮುಚ್ಚಬೇಕಾದದ್ದು ಕೆಂಪು ಬಣ್ಣ ಬಳಿದುಕೊಂಡು ಬಾಯಿ ತೆರೆದೇ ಇತ್ತು. ಪಕ್ಕದಲ್ಲೇ ಎರಡನೇ ಟ್ಯಾಂಕು. ಗೋಡೆಯಾಚೆ ಜನರ ಮನೆಗಳು.

ಗಾಥೋಗೊನ ಕಾರು ಎಲ್ಲರಿಗಿಂತ ಮೊದಲು ಗೇಟು ದಾಟಿತು.

ನಾನು ಹೋಸು ಹಿಡಿದಿದ್ದೆ. ಯಾರೋ ಪಕ್ಕದಿಂದ ಓಡಿ ಬಂದರು. ತಲೆಗೆ ಒದ್ದೆ ಗೋಣಿ, ಕೈಯಲ್ಲಿ ಕಟಿಂಗ್ ಪ್ಲೇಯರ್. ಕಿತ್ಸಾವೊ.

“ನೀರು ನನ್ ಮೇಲೆ ಬಿಡಿ ಮೇಡಂ! ನಿಲ್ಲಿಸ್ಬೇಡಿ!”

“ಹುಚ್ಚಾ ನಿಮ್ಗೆ? ವಾಪಸ್ ಬನ್ನಿ!”

ಹೊಗೆಯೊಳಗೆ ಹೋದ. ನೀರು ಬಿಟ್ಟೆ. ಅವನ ಮೇಲೆ ಬೀಳುತ್ತಿದೆಯೋ ಇಲ್ಲವೋ, ಕಾಣುತ್ತಿರಲಿಲ್ಲ. ಒಂದೇ ಒಂದು ಸಲ ಕಿರುಚಿದ್ದು ಕೇಳಿಸಿತು. ಆಮೇಲೆ — ಠಣ್.

ತಿನ್ನಲು ಏನೂ ಸಿಗದೆ ಬೆಂಕಿ ನೆಲಕ್ಕೆ ಕುಗ್ಗಿತು. ಅವನು ತೆವಳುತ್ತ ಹೊರಬಂದ. ಕೈಗಳನ್ನು ನೋಡಲಾಗಲಿಲ್ಲ.

ನಿಶ್ಚಿಂತೆಯಿಂದ ಹೀನೈಸಲು ಒಬ್ಬ ಮನುಷ್ಯನಿದ್ದ. ಇನ್ನು ಅವನನ್ನೂ ಹೀಯಾಳಿಸುವಂತಿಲ್ಲ.

ಏಪ್ರಿಲ್ ೨೨, ಸೋಮವಾರ

ಓಡಿಹೋದವರು ಮರಳಿದ್ದಾರೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

“ವಾಲ್ವ್ ತಾನಾಗೇ ಮುಚ್ಚಿತು. ನಮ್ ಸಿಸ್ಟಂ ಕೆಲ್ಸ ಮಾಡ್ತು,” ಎಂದರು ಗಾಥೋಗೊ. “ಪಾಪ ಕಿತ್ಸಾವೊ ಗಾಬರಿಯಾಗಿ ಬೆಂಕಿ ಹತ್ರ ಹೋಗ್ಬಿಟ್ರು. ಅಜಾಗ್ರತೆ. ವಿಚಾರಣೇಲಿ ಎಲ್ರೂ ಇದನ್ನೇ ಹೇಳಿ.”

ಅಜಾಗ್ರತೆ! ಸುಟ್ಟ ಜಾಗವನ್ನು ಆಗಲೇ ತೊಳೆಸಿದ್ದಾರೆ. ತಂತಿಯ ಚೂರೂ ಇಲ್ಲ.

ಏಪ್ರಿಲ್ ೨೪

ಆಸ್ಪತ್ರೆಗೆ ಹೋಗಿದ್ದೆ. ಕಿತ್ಸಾವೊನ ಎರಡೂ ಕೈಗೆ ಬ್ಯಾಂಡೇಜು, ಮುಖದ ಒಂದು ಪಕ್ಕಕ್ಕೂ. ನಿಜ ಹೇಳಬೇಕೆಂದಿದ್ದೇನೆ ಎಂದೆ. ಗಾಬರಿಬಿದ್ದ.

“ಬೇಡ ಮೇಡಂ. ತಾನೇ ಮುಚ್ಚಿತು ಅಂತ ಹೇಳ್ಬಿಡಿ. ಇಲ್ಲಾಂದ್ರೆ ಕಟ್ಟಿದ್ದು ನಾನು ಅಂತ ಊರಿಗೆಲ್ಲ ಗೊತ್ತಾಗುತ್ತೆ.”

“ಬಿಚ್ಚಿದ್ದೂ ನೀವೇ ಅಂತ ಗೊತ್ತಾಗುತ್ತಲ್ರೀ.”

ಗೋಡೆ ಕಡೆ ಮುಖ ತಿರುಗಿಸಿದ.

“ಬೆಂಕಿ ಎದುರಿಗೆ ಬಂದ ಧೈರ್ಯ ಗಾಥೋಗೊ ಎದುರಿಗೆ ಬರಲ್ವಾ ನಿಮ್ಗೆ?”

“ಬೆಂಕಿ ಬೈಯಲ್ಲ ಮೇಡಂ.”

ಇಂಥವನಿಗೆ ಏನು ಹೇಳಬೇಕು? ಸಿಟ್ಟಿಗೆದ್ದು ಬಂದುಬಿಟ್ಟೆ. ಬಸ್ಸಿನಲ್ಲಿ ಯಾಕೋ ಅಳು ಬಂತು. ಹೊಗೆ ಕುಡಿದಿದ್ದರಿಂದ ಇರಬೇಕು.

ಏಪ್ರಿಲ್ ೨೬, ಶುಕ್ರವಾರ

ವಿಚಾರಣೆ. ಸರ್ಕಾರದ ಅಧಿಕಾರಿ ಒಬ್ಬ ಹೆಂಗಸು, ಮಾತು ಕಡಿಮೆ. ಹೇಳಿಬಿಟ್ಟೆ — “ತಂತಿ ಕಟ್ಟಿದ್ದು ಕಿತ್ಸಾವೊ, ಮ್ಯಾನೇಜರ್ ಹೇಳಿದ್ದಕ್ಕೆ. ಕತ್ತರಿಸಿದ್ದೂ ಕಿತ್ಸಾವೊ. ಅದನ್ನ ಮಾಡು ಅಂತ ಯಾರೂ ಹೇಳಿರಲಿಲ್ಲ.”

“ಈ ಮೇಡಂಗೆ ಮೊದಲಿಂದ್ಲೂ ನನ್ ಕಂಡ್ರಾಗಲ್ಲ,” ಎಂದರು ಗಾಥೋಗೊ. ಅದೊಂದು ಮಾತು ಸತ್ಯ.

ಆ ಹೆಂಗಸು ಎದ್ದು ನಿಂತಳು. “ನಡೀರಿ, ಅವ್ರನ್ನೇ ಕೇಳೋಣ.”

ವಾರ್ಡಿಗೆ ಮೂವರೂ ಹೋದೆವು. ದಾರಿಯಲ್ಲಿ ಗಾಥೋಗೊ ದ್ರಾಕ್ಷಿ ಕೊಂಡರು. ಹಿಡಿಯಲು ಕೈಯಿಲ್ಲದವನಿಗೆ ದ್ರಾಕ್ಷಿ!

ಕಿತ್ಸಾವೊ ದ್ರಾಕ್ಷಿ ನೋಡಿದ. ನನ್ನನ್ನು ನೋಡಿದ. ಇವನು ಮಣಿಯುತ್ತಾನೆ, ನಾನು ಸುಳ್ಳುಗಾತಿಯಾಗುತ್ತೇನೆ ಎಂದುಕೊಂಡೆ.

“ಕಟ್ಟಿದ್ದು ನಾನು. ಬಣ್ಣ ಬಳಿದಿದ್ದೂ ನಾನೇ,” ಎಂದ. “ಕಟ್ಟು ಅಂದೋರು ಇಲ್ಲೇ ನಿಂತಿದಾರೆ, ದ್ರಾಕ್ಷಿ ಹಿಡ್ಕೊಂಡು.”

ಗಾಥೋಗೊ ಕವರನ್ನು ಒಮ್ಮೆ ಆ ಕೈಗೆ, ಒಮ್ಮೆ ಈ ಕೈಗೆ ಬದಲಾಯಿಸಿದರು. ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಮೇ ೩, ಶುಕ್ರವಾರ

ಗಾಥೋಗೊ ಮನೆಗೆ. ಎಲ್ಲ ವಾಲ್ವುಗಳಿಗೂ ಹೊಸ ಕೊಂಡಿ ಬರುವವರೆಗೆ ಡಿಪೋ ಬಂದ್. ಕಿತ್ಸಾವೊನ ಕೆಲಸವೂ ಹೋಯಿತು. ಹೀಗಾಗುತ್ತದೆಂದು ಗೊತ್ತಿದ್ದೇ ನಿಜ ಹೇಳಿದ.

ಸಂಜೆ ಆಸ್ಪತ್ರೆಗೆ ಅವನ ತಂಗಿ ಬರುವುದು ತಡವಾಯಿತು. ಗಂಜಿಯನ್ನು ನಾನೇ ತಿನ್ನಿಸಬೇಕಾಯಿತು. ಚಮಚ ಹೀಗೆ ಹಿಡಿಯಬೇಕು, ಬಿಸಿಯಿದ್ದರೆ ಅಂಚಿನಿಂದ ತೆಗೆಯಬೇಕು — ಮಲಗಿದಲ್ಲೇ ಸೇಫ್ಟಿ ಟ್ರೈನಿಂಗ್! ಉಪ್ಪು ಜಾಸ್ತಿಯಂತೆ. ನಾಳೆಗೆ ತೆಂಗಿನ ಹಾಲಿನ ಮೀನುಸಾರು ಬೇಕಂತೆ. ಅಸಹ್ಯ ಮನುಷ್ಯ. ನಾನಂತೂ ಇನ್ನು ಆ ಕಡೆ ತಲೆ ಹಾಕುವುದಿಲ್ಲ.

ಮಾರ್ಕೆಟ್ಟಿಗೆ ಬೆಳಿಗ್ಗೆ ಬೇಗ ಹೋದರೆ ತಾಜಾ ಮೀನು ಸಿಕ್ಕೀತು, ತೆಂಗಿನಕಾಯಿ ಜುಹುರಾಳ ಹತ್ತಿರ ಇದ್ದೇ ಇರುತ್ತದೆ, ಉಪ್ಪು ಮಾತ್ರ ಸ್ವಲ್ಪ—