ಪಾಳಿಯ ಕೊನೆಯಲ್ಲಿ ನಿಂತವಳು

ಮಾದನಹಿಪ್ಪರಗಾ
ಮಂಗಳವಾರ, ೧೧ ಫೆಬ್ರುವರಿ ೨೦೨೫

ಚಿ. ಸೌ. ಭಾಗ್ಯಜ್ಯೋತಿಗೆ ನಿನ್ನ ಅವ್ವನ ಆಶೀರ್ವಾದಗಳು. ಅಳಿಯಂದಿರು ಅಮರನಾಥರಿಗೂ ತಿಳಿಸು.

ನಾವಿಲ್ಲಿ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. ಪೆನ್ನು ಅಲ್ಲಿಗೆ ಬಂದು ನಿಂತಿತು, ಮುಂದೆ ನೋಡೋಣ. ಫೋನ್ ಇದ್ದೂ ಕಾಗದ ಯಾಕೆ ಎಂದು ಕೇಳಬೇಡ. ಟಂಟಂ ಗಾಡಿ ಓಡಿಸುವ ದಿಲೀಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಬ್ಬಳೇ ಇರುವಾಗ ಓದು.

ಈ ಕಥೆಯನ್ನು ಮೊದಲು ಹೇಳಿದವಳು ಬಾಜೂ ಮನೆಯ ಖಾಸೀಂಬಿ. ಹೇಳಿದ್ದು ನಿನ್ನೆ ಮಧ್ಯಾಹ್ನ, ಆಳಂದದಿಂದ ಊರಿಗೆ ಬರುವ ಬಸ್ಸಿನಲ್ಲಿ, ಡ್ರೈವರನಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ. ಇಷ್ಟು ವರ್ಷ ಆ ಬಸ್ಸಿನಲ್ಲಿ ಕಥೆ ಹೇಳುವುದು ನನ್ನ ಕೆಲಸವಾಗಿತ್ತು. ನಾನು ರಾಜಕುಮಾರಿಯನ್ನು ಬಾವಿಗೆ ಇಳಿಸಿದರೆ, ಆಕೆ ಮೇಲೆ ಬರುವ ತನಕ ಮಂದಿ ತಮ್ಮ ಊರು ಬಂದರೂ ಇಳಿಯುತ್ತಿರಲಿಲ್ಲ. ನಿನ್ನೆ ಕಥೆಯಾದವಳು ನಾನೇ.

"ಒಬ್ಬಾಕಿ ಅವ್ವ ಇದ್ದಳಂತ್ರಿ," ಎಂದು ಖಾಸೀಂಬಿ ಶುರು ಮಾಡಿದಳು. "ಆಕಿ ಮಗಳು ಹಲ್ಲಿನ ಡಾಕ್ಟರ. ಸೊಲಾಪುರದಾಗ ಇದ್ದಾಕಿ, ಗಂಡಗ ವರ್ಗ ಆತಂತ ಆಳಂದಕ್ಕ ಬಂದಳು. ಅಂಗಡಿ ಹಿಡದಳು, ಕುರ್ಚಿ ತಂದಳು, ಬೋರ್ಡಿಗಿ ಮಾತ್ರ ಪೇಪರ ಹಚ್ಚಿ ಮುಚ್ಚಿಟ್ಟಳು. ಯಾಕಂದರ ಮುಂಬೈದವರು ಆಕಿ ಹೆಸರು ತಗದು ಕೊಟ್ಟಾರ, ಬೆಂಗಳೂರದವರು ಇನ್ನಾ ಬರಕೊಂಡಿಲ್ಲ. ಪಾಪ, ಹುಡುಗಿ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಅವ್ವಗ ಇದು ಗೊತ್ತಿತ್ರಿ! ಗೊತ್ತಿದ್ದೂ ಊರೆಲ್ಲಾ ಡಂಗುರ ಹೊಡದಳು."

ಆಕೆ ಹೇಳಿದ್ದರಲ್ಲಿ ಸುಳ್ಳಿಲ್ಲ. ನೀನು ನನಗೆ ಬಿಡಿಸಿ ಹೇಳಿದ್ದೆ. ಮಹಾರಾಷ್ಟ್ರದ ದಂತ ಪರಿಷತ್ತಿನಿಂದ ಹೆಸರು ವರ್ಗವಾಗಿ, ಕರ್ನಾಟಕದ ಪರಿಷತ್ತಿನಲ್ಲಿ ನೋಂದಣಿ ಆಗುವ ತನಕ ಯಾರ ಹಲ್ಲನ್ನೂ ಮುಟ್ಟುವಂತಿಲ್ಲ ಎಂದು. ಹೂಂ ಎಂದಿದ್ದೆ. ಹೂಂ ಎಂದವಳೇ ನಮ್ಮ ಓಣಿಯ ಸುಮಂಗಲಾಳ ಬಾತ ದವಡೆ, ಖಾಸೀಂಬಿಯ ಅಲ್ಲಾಡುವ ಹಲ್ಲು, ಇನ್ನೂ ನಾಲ್ಕು ಹೆಂಗಸರ ನೋವು ಎಲ್ಲ ಕೂಡಿಸಿಕೊಂಡು, "ನಮ್ಮ ಜ್ಯೋತಿ ದವಾಖಾನಿ ಸುರು ಮಾಡ್ಯಾಳ, ನಡೀರಿ" ಎಂದು ಬಸ್ಸು ಹತ್ತಿಸಿದೆ.

ನೀನು ಕುರ್ಚಿಯ ಪ್ಲಾಸ್ಟಿಕ್ಕಿನ ಮೇಲಿನ ಧೂಳು ಒರೆಸುತ್ತಿದ್ದೆ. ನನ್ನನ್ನು ಕಂಡು ನಿನ್ನ ಮುಖ ಅರಳಿತು. ಹಿಂದೆ ಗಲ್ಲ ಹಿಡಿದುಕೊಂಡು ನಿಂತವರನ್ನು ಕಂಡು ಬಾಡಿತು. ಒಳಗೆ ಕರೆದು ಮೆಲ್ಲಗೆ ಹೇಳಿದೆ: "ಅವ್ವಾ, ಯಾರ ಬಾಯಾಗೂ ಕೈ ಹಾಕಾಕ ಬರಂಗಿಲ್ಲ. ಯಾರರೆ ಒಂದು ತಕರಾರು ಬರದರ ನನ್ನ ಹೆಸರು ಅಲ್ಲೇ ನಿಂದರ್ತದ. ಇವರಿಗಿ ಚಾ ಕುಡಿಸ್ತೇನಿ, ಸರಕಾರಿ ದವಾಖಾನಿಗಿ ನಾನೇ ಕರಕೊಂಡು ಹೋಗ್ತೇನಿ."

ಇದಕ್ಕಿಂತ ಮರ್ಯಾದೆಯಿಂದ ಯಾರು ಹೇಳುತ್ತಾರೆ? ನಾನು ಮಾತ್ರ ಬೀದಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಒದರಿದೆ: "ಹಿರೋಳ್ಳಿ ಗಡಿ ದಾಟಿ ಈಚೀಗಿ ಬಂದರ ಮಂದಿ ಹಲ್ಲು ಬ್ಯಾರೆ ಆಗ್ತಾವೇನ? ಸೊಲಾಪುರದಾಗ ನೀ ಕಿತ್ತಿದ್ದು ಹಲ್ಲಲ್ಲೇನ ಬೇ?"

ಅಲ್ಲಿಗೇ ಬಿಟ್ಟಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ನೀನು ಕೈ ಮುಗಿದೆ. ಆಗ ನನ್ನ ಬಾಯಿಂದ ಬಂದ ಮಾತನ್ನು ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ. "ನಿನ್ನ ಸರ್ಟಿಫಿಕೇಟ್ ಖರೇದು ಅದನೋ ಇಲ್ಲೋ, ಯಾರು ಕಂಡಾರ!" ಎಂದೆ. ಪಕ್ಕದ ಚಹಾದಂಗಡಿಯವರು ಗ್ಲಾಸು ಕೆಳಗಿಟ್ಟು ನಿನ್ನ ಮುಖ ನೋಡಿದರು. ಊರು ಹೊಸದು, ಡಾಕ್ಟರ್ ಹೊಸಬಳು. ಹೆತ್ತವಳೇ ಹೀಗೆ ಕೇಳಿದ ಮೇಲೆ ನಾಳೆ ಆ ಕುರ್ಚಿಯಲ್ಲಿ ಕೂತು ಯಾರು ಬಾಯಿ ತೆರೆಯುತ್ತಾರೆ?

ನೀನು ಷಟರ್ ಎಳೆದು, ಸುಮಂಗಲಾಳ ಕೈ ಹಿಡಿದು, ಎಲ್ಲರನ್ನೂ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ನಾನು ಬಸ್ ನಿಲ್ದಾಣದಲ್ಲಿ ಗೋಡೆಗೆ ಮುಖ ಮಾಡಿ ಕೂತೆ.

ಇದನ್ನೆಲ್ಲ ಖಾಸೀಂಬಿ ಬಸ್ಸಿನಲ್ಲಿ ನನ್ನಂತೆಯೇ ಸೊಂಟಕ್ಕೆ ಕೈಯಿಟ್ಟು ಆಡಿ ತೋರಿಸಿದಳು. ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಕಚ್ಚಿದ್ದ ಸುಮಂಗಲಾ ಕೂಡ ಗಲ್ಲ ಹಿಡಿದುಕೊಂಡು ನಕ್ಕಳು. "ಆಮ್ಯಾಲ ಏನಾತು?" ಎಂದು ಯಾರೋ ಕೇಳಿದರು.

"ಆಮ್ಯಾಲೇನು, ಮಗಳು ಗೆದ್ದಳು. ಅವ್ವ ಹಿಂದಿನ ಸೀಟಿನ್ಯಾಗ ಕುಂತಾಳ, ನೋಡ್ರಿ!"

ಬೇರೆ ದಿನವಾಗಿದ್ದರೆ ನಾನೂ ಒಂದಕ್ಕೆ ಎರಡು ಸೇರಿಸಿ ಹೇಳುತ್ತಿದ್ದೆ. ನಿನ್ನೆ ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಖಾಸೀಂಬಿ ಬುತ್ತಿ ಬಿಚ್ಚಿ ರೊಟ್ಟಿಗೆ ಕೆಂಪು ಖಾರ ಹಚ್ಚಿ, "ಸಿಟ್ಟಿಗೆದ್ದಿ ಏನ ಅಕ್ಕಾ? ಒಂದು ತುತ್ತು ತಗೋ" ಎಂದಳು. ಒಲ್ಲೆನೆಂದು ಮುಖ ತಿರುಗಿಸಿದೆ. ಆಕೆ ಬಹಳ ಹೊತ್ತು ನನ್ನನ್ನೇ ನೋಡಿದಳು.

ಮಗಳು ಡಾಕ್ಟರ್ ಎಂಬ ದೊಡ್ಡಸ್ತಿಕೆಗೆ ಇಷ್ಟೆಲ್ಲ ಮಾಡಿದೆ ಎಂದು ತಿಳಿದುಕೋ. ನನ್ನನ್ನು ಬೈ. ಮಾತು ಮಾತ್ರ ಬಿಡಬೇಡ.

ನಿನ್ನ ಅವ್ವ,
ಶಿವಕಾಂತಾ

ತಾ.ಕ. ದೊಡ್ಡಸ್ತಿಕೆ ಎಂದದ್ದು ಸುಳ್ಳು. ಫೋನಿನಲ್ಲಾದರೆ ಸುಳ್ಳು ಬೇಗ ಬಾಯಿಗೆ ಬರುತ್ತದೆ ಎಂದು ಕಾಗದ ಹಿಡಿದೆ. ಕೈಯಿಂದಲೂ ಬಂತು, ನೋಡು.

ಹೋದ ವರ್ಷ ನೀನು ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಯ ಮುಂದೆ ನಿಲ್ಲಿಸಿ, ಇನ್ನು ಮಿಸ್ರಿ ಉಜ್ಜುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿದ್ದೆ. ನಿನಗೆ ಹೆಸರು ಕೊಟ್ಟ ತಾಯಿಯ ಮುಂದೆ ಹಾಕಿದ ಆಣೆ ಅದು. ಸುಟ್ಟ ತಂಬಾಕಿನ ಆ ಪುಡಿಯನ್ನು ನಾನು ಬಿಡಲಿಲ್ಲ. ನೀನು ಬಂದಾಗ ಡಬ್ಬಿಯನ್ನು ಜೋಳದ ಚೀಲದಲ್ಲಿ ಹೂಳುತ್ತಿದ್ದೆ. ಈಗ ಗಲ್ಲದ ಒಳಗೆ ಬೆಳ್ಳಗೆ ಒಂದು ಕಲೆ ಎದ್ದಿದೆ. ಬಹಳ ದಿನವಾಯಿತು, ಮಾಯುತ್ತಿಲ್ಲ. ಖಾರ ತಾಗಿದರೆ ಬೆಂಕಿ.

ಆ ಆರು ಮಂದಿಯನ್ನು ಮುಂದೆ ಮಾಡಿಕೊಂಡು ಬಂದದ್ದು ಅದಕ್ಕೆ. ಎಲ್ಲರದೂ ಮುಗಿದ ಮೇಲೆ, ಹೇಗೂ ಬಂದಿದ್ದೇನೆ, ನನ್ನದೂ ಒಮ್ಮೆ ನೋಡು ಎಂದು ನಗುತ್ತ ಹೇಳಬೇಕೆಂದಿದ್ದೆ. ನೀನು ಪಾಳಿಯನ್ನೇ ಬಿಡಿಸಿದೆ. ನನ್ನ ಹೆದರಿಕೆ ಸಿಟ್ಟಾಗಿ ಬಂತು.

ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಮೊದಲು ಚಹಾದಂಗಡಿಯ ಮುಂದೆ ನಿಂತು, ನನ್ನ ಮಗಳ ಸರ್ಟಿಫಿಕೇಟ್ ಖರೇದು, ನನ್ನ ಆಣೆ ಖೊಟ್ಟಿ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ನೀನು ನನ್ನ ಬಾಯಿ ಮುಟ್ಟಬೇಡ. ನಿನ್ನ ಹೆಸರು ಬೆಂಗಳೂರಿಗೆ ಕಲೆ ಇಲ್ಲದೆ ಮುಟ್ಟಲಿ. ಕಲಬುರಗಿಯ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಬರೀ ಮಗಳಾಗಿ.

ಈ ಕಾಗದ ಬರೆಸಿದವರು ಆ ಬಸ್ಸಿನ ಹೆಂಗಸರು. ಇಂದು ಬೆಳಗ್ಗೆ ಎಲ್ಲರೂ ನಮ್ಮ ಕಟ್ಟೆಗೆ ಬಂದರು. "ಖಾರ ಒಲ್ಲೆ ಅಂದಾಕಿ ನಮ್ಮ ಶಿವಕಾಂತಕ್ಕ ಅಲ್ಲ. ಬಾಯಿ ತೆಗಿ," ಎಂದು ಖಾಸೀಂಬಿ ಮೊಬೈಲಿನ ಬೆಳಕು ಹಿಡಿದಳು. ಒಬ್ಬೊಬ್ಬರೇ ಬಗ್ಗಿ ನೋಡಿದರು. ಯಾರೂ ನಗಲಿಲ್ಲ. ಸುಮಂಗಲಾ ಪೆನ್ನು ಕೈಗಿಟ್ಟು, "ಕಥಿ ಬ್ಯಾಡ, ಖರೇ ಬರಿ" ಎಂದಳು. ನಾನು ತೋರಿಸಿದ ಜೋಳದ ಚೀಲದಿಂದ ಡಬ್ಬಿ ತೆಗೆದು ಖಾಸೀಂಬಿ ತನ್ನ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಾಳೆ. ನಾಳೆ ಅದನ್ನು ನಿನ್ನ ಕೈಗೇ ಕೊಡುತ್ತಾಳಂತೆ.